ಕ್ಯಾಂಪಸ್ ಪ್ರಾರ್ಥನಾ ಗುಂಪಿಗೆ ಬಂದ ಹೊರರಾಜ್ಯದವರು ಎರಡೇ ವಾರಕ್ಕೆ ಯಾಕೆ ಬಿಡುತ್ತಾರೆ?

ಪ್ರಶ್ನೆ (ಕಲಬುರಗಿ):
ನಮ್ಮ ಕ್ರೈಸ್ತ ಗುಂಪಿನಲ್ಲಿ ಬೀದರ ಕಡೆಯ ಮೆಥೊಡಿಸ್ಟರು (ಪ್ರೊಟೆಸ್ಟೆಂಟರ ಒಂದು ಪಂಗಡ), ಕೇರಳದವರು, ಮಿಜೋರಾಮ್‌ನವರು ಸೇರಿ ಹದಿನೈದು ಜನ. ಹೊರಗಿನವರು ನಿಲ್ಲುತ್ತಿಲ್ಲ. ಕ್ರಿಸ್ಮಸ್ ಕೂಟಕ್ಕೆ ಲಿಂಗಾಯತ, ಮುಸ್ಲಿಂ ಗೆಳೆಯರನ್ನೂ ಕರೆಯಬೇಕೆಂದಿದೆ. ಏನು ತಿದ್ದಿಕೊಳ್ಳಬೇಕು?

ಉತ್ತರ 1 (ಆಳಂದ ರಸ್ತೆ):
ಮೊದಲ ಕೆಡೋದು ಭಾಷಾದಾಗ ನೋಡ್ರಿ. 20 ನಿಮಿಷ ಕನ್ನಡದಾಗ ಬೋಧಿಸಿ, ಕಡೀಗೆ ಎರಡು ಮಾತು ಇಂಗ್ಲಿಷಿನಾಗ ಹೇಳಿದ್ರ ಅದು ಅನುವಾದ ಅಲ್ಲ. ಎರಡು ವಾಕ್ಯಕ್ಕೊಮ್ಮೆ ನಿಲ್ಲಬೇಕು, ಅನುವಾದಕರು ಹೇಳಿ ಮುಗಿಸಬೇಕು. ಅದಕ್ಕ ಮಾತು 10 ನಿಮಿಷಕ್ಕ ಇಳಿಸಿಕೊಂಡೇ ಬರ್ರಿ, ಇಲ್ಲಂದ್ರ ಸಭೆ ದುಪ್ಪಟ್ಟಾಗಿ ಹಾಸ್ಟೆಲ್ ಊಟ ತಪ್ತದ.

ಹಾಡಿನ ಹಾಳೆಯೂ ಹಂಗ. ಮಿಜೋ ಬರೆಯೋದೇ ರೋಮನ್ ಅಕ್ಷರದಾಗ. ಕನ್ನಡದ ಪ್ರತಿ ಸಾಲಿನ ಕೆಳಗ ಉಚ್ಚಾರ ರೋಮನ್‌ನಾಗ ಹಾಕಿ, ಅದರ ಕೆಳಗ ಅರ್ಥ ಬರೀರಿ. ತಿಂಗಳಿಗೊಂದು ಹಾಡು ಹೊರಗಿನವರೇ ಕಲಿಸಲಿ. ದೇವರ ವಾಕ್ಯ ಓದೋವಾಗ ಎಲ್ಲಾರೂ ತಮ್ಮ ಭಾಷಾದ ಸತ್ಯವೇದ (ಬೈಬಲ್) ತೆಗೀಲಿ. ‘ನಾರ್ತ್‌ಈಸ್ಟ್‌ನವರು’ ಅಂತ ಒಂದೇ ಗಂಟು ಕಟ್ಟಬ್ಯಾಡ್ರಿ: ಮಿಜೋರಾಮ್‌ನಾಗ ಪ್ರೆಸ್ಬಿಟೇರಿಯನ್ನರು ಹೆಚ್ಚು, ನಾಗಾಲ್ಯಾಂಡ್‌ನಾಗ ಬ್ಯಾಪ್ಟಿಸ್ಟರು; ಎರಡೂ ಬ್ಯಾರೆ ಬ್ಯಾರೆ ಪ್ರೊಟೆಸ್ಟೆಂಟ್ ಪಂಗಡ.

ಉತ್ತರ 2 (ಬೀದರ):
ಕೇರಳದವರೆಲ್ಲ ಒಂದೇ ಪಂಗಡದವರಲ್ಲ. ಕಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ‘ನಿಮ್ಮದರಲ್ಲಿ ಹೆಚ್ಚಿಗೆ ಸೇರಿಸಿದ್ದಾರೆ’ ಎಂದು ಒಬ್ಬರು ಅಂದರೆ ಸಾಕು, ಮುಂದಿನ ವಾರ ಆ ಕುರ್ಚಿ ಖಾಲಿ. ಆರ್ಥೊಡಾಕ್ಸ್ ಪಂಗಡದ ಮಕ್ಕಳಲ್ಲಿ ಈಸ್ಟರ್‌ಗೆ ಮುಂಚಿನ 50 ದಿನದ ಉಪವಾಸ ವ್ರತದಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲನ್ನೂ ಬಿಡುವವರಿದ್ದಾರೆ. ಆಗ ಒಂದು ಕೆಟಲ್ ಹಾಲಿಲ್ಲದ ಚಹಾ ಇಡಿ.

ಉತ್ತರ 3 (ಬಸವಕಲ್ಯಾಣ):
ಕೂಟದಲ್ಲಿ ಹಾಡು, ಪ್ರಾರ್ಥನೆ, ಚಿಕ್ಕ ಬೋಧನೆ ಇರುತ್ತದೆಂದು ಕರೆಯುವಾಗಲೇ ಹೇಳಿಬಿಡಿ. ‘ಬರೀ ಕೇಕ್ ಪಾರ್ಟಿ’ ಎಂದು ಕರೆದು ಬೋಧನೆಗೆ ಕೂರಿಸಿದರೆ ಅದು ಮೋಸವೇ. ‘ಯೇಸುವನ್ನು ನಂಬುವವರು ಯಾರು’ ಎಂದು ಬಂದವರಿಂದ ಕೈ ಎತ್ತಿಸಬೇಡಿ, ಫೋನ್ ನಂಬರ್ ಬರೆಸಿಕೊಳ್ಳಬೇಡಿ.

ಕೊರಳಲ್ಲಿ ಇಷ್ಟಲಿಂಗ ಇದ್ದವರಿಗೆ ‘ತೋರಿಸು’ ಎನ್ನಬಾರದು, ಮುಟ್ಟಲೂಬಾರದು. ವಚನವೊಂದನ್ನು ಹಿಡಿದು ‘ಬಸವಣ್ಣ ಹೇಳಿದ್ದು ನಮ್ಮ ಕರ್ತನಾದ ಯೇಸುವನ್ನೇ’ ಎನ್ನುವ ಬೋಧಕರಿದ್ದರೆ ಮೊದಲೇ ತಡೆಯಿರಿ. ಅದು ಇನ್ನೊಬ್ಬರು ದಿನವೂ ಬದುಕುತ್ತಿರುವ ಧರ್ಮ. ಆ ವಚನಕ್ಕೆ ಏನರ್ಥ ಎಂದು ಅವರನ್ನೇ ಕೇಳಿದರೆ ಮಾತು ಬೆಳೆಯುತ್ತದೆ.

ಊಟಕ್ಕೆ ಸಸ್ಯಾಹಾರದ ಪಾತ್ರೆ ಬೇರೆ ಮೇಜಿನ ಮೇಲಿರಲಿ, ಕೇಕ್ ಮೊಟ್ಟೆಯಿಲ್ಲದ್ದಾಗಲಿ, ಕೋಳಿ ಹಲಾಲ್ ಅಂಗಡಿಯಿಂದ ತನ್ನಿ. ಮುಖ್ಯವಾಗಿ ಸೌಟು. ಎರಡೂ ಮೇಜಿಗೆ ಬಡಿಸುವವರು ಬೇರೆ ಬೇರೆ ಇರಬೇಕು. ಗದ್ದಲದಲ್ಲಿ ಬಿರಿಯಾನಿಯ ಸೌಟು ಪಲಾವಿಗೆ ಬಿದ್ದರೆ ಸಸ್ಯಾಹಾರಿಗಳು ಬಾಯಿಬಿಟ್ಟು ಹೇಳುವುದಿಲ್ಲ, ಊಟ ಬಿಟ್ಟು ಎದ್ದು ಹೋಗುತ್ತಾರೆ.