ಕೆಳಗಿನ ರೂಮಿನ ಟಾಯ್ಲೆಟ್ ಪಂಪ್ ರಾತ್ರಿ ತಾನೇ ಓಡುತ್ತೆ, ವಾಸನೆ ಹೋಗಲ್ಲ, ಮೊನ್ನೆ ಕೊಳಕು ನೀರು ವಾಪಸ್ ಬಂತು

ತೋಟದಮನೆ (ಚೇರಂಬಾಣೆ ಕಡೆ)

ಎಲ್ಲರಿಗೂ ನಮಸ್ಕಾರ. ಮಡಿಕೇರಿ–ಭಾಗಮಂಡಲ ರಸ್ತೆ ಬದಿಯಲ್ಲಿ ನಮ್ಮದೊಂದು ಚಿಕ್ಕ ಹೋಂಸ್ಟೇ. ಹೋದ ವರ್ಷ ಬರೆ (ಮಣ್ಣಿನ ಕಡಿದಾದ ಇಳಿಜಾರು) ಕಡಿದು ಮನೆಗಿಂತ ಕೆಳಗೆ ಒಂದು ರೂಮ್ ಕಟ್ಟಿಸಿದೆವು. ಸೆಪ್ಟಿಕ್ ಟ್ಯಾಂಕ್ ಮೇಲಿನ ಮನೆ ಹತ್ತಿರವೇ ಇದೆ. ಕೆಳಗೆ ಇನ್ನೊಂದು ಗುಂಡಿ ತೆಗೆಸಲು ನನಗೆ ಮನಸ್ಸಿಲ್ಲ. ರೂಮಿನಿಂದ ಸ್ವಲ್ಪ ಕೆಳಗೇ ಕುಡಿಯುವ ನೀರಿನ ಬಾವಿ, ಅದರಾಚೆ ಗದ್ದೆ, ಆಮೇಲೆ ತೋಡು. ಆ ತೋಡಿನ ನೀರು ಕಾವೇರಿಗೇ ಹೋಗೋದು.

ಹಾಗಾಗಿ ಕಮೋಡಿನ ಹಿಂದೆ ಡಬ್ಬಿ ಥರ ಕೂರುತ್ತಲ್ಲ, ಎಲ್ಲವನ್ನೂ ಅರೆದು ಮೇಲಕ್ಕೆ ತಳ್ಳುವ ಮೆಸರೇಟರ್ ಪಂಪ್, ಅದನ್ನು ಹಾಕಿಸಿದ್ದೇವೆ. ಅದರಿಂದ ಟ್ಯಾಂಕಿನವರೆಗೆ ಒಂದೂವರೆ ಇಂಚಿನ ಹಸಿರು ಸಕ್ಷನ್ ಹೋಸ್, ಒಟ್ಟು 18 ಮೀಟರ್. ಮೊದಲು ನೆಲದ ಮಟ್ಟದಲ್ಲೇ ಗೋಡೆ ಸುತ್ತಿ ಬಂದು, ಕೊನೆಯಲ್ಲಿ ಬರೆ ಹತ್ತುತ್ತೆ.

ತೊಂದರೆ ಮೂರು. ಯಾರೂ ಬಳಸದಿದ್ದರೂ ರಾತ್ರಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಂಪ್ ಎರಡು ಸೆಕೆಂಡ್ ಓಡಿ ನಿಲ್ಲುತ್ತೆ. ಎಷ್ಟು ತೊಳೆದರೂ ಬಾತ್‌ರೂಮಿನಲ್ಲಿ ವಾಸನೆ. ಮೊನ್ನೆ ಜೋರು ಮಳೆಯಲ್ಲಿ ಇಡೀ ರಾತ್ರಿ ಕರೆಂಟ್ ಇರಲಿಲ್ಲ, ಬೆಳಿಗ್ಗೆ ನೋಡಿದರೆ ಕಮೋಡ್ ತುಂಬಿ ನೆಲಕ್ಕೆ ಹರಿದಿದೆ. ಅತಿಥಿಗಳ ಮುಂದೆ ತಲೆ ಎತ್ತಲು ಆಗಲಿಲ್ಲ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಎಲ್ಲಾ ಹಾಕಿ ನೋಡಿದೆ. ಪಂಪ್ ಕೆಟ್ಟಿದೆಯಾ?

ಕುಶಾಲನಗರ_ಪ್ಲಂಬರ್

ಪಂಪ್ ಬಿಚ್ಚಬೇಡಿ ಸರ್. ಮೊದಲು ಕಮೋಡಿನ ಫ್ಲಶ್ ಟ್ಯಾಂಕಿಗೆ ಹೋಗುವ ಆಂಗಲ್ ಕಾಕ್ ಮುಚ್ಚಿ ಒಂದು ಗಂಟೆ ಕಾಯಿರಿ. ಪಂಪ್ ಸುಮ್ಮನಾದರೆ ಫ್ಲಶ್ ಟ್ಯಾಂಕ್ ಸೋರುತ್ತಿದೆ ಅಂತ ಅರ್ಥ, ವಾಷರ್ ಬದಲಿಸಿದರೆ ಮುಗೀತು. ಕಾಕ್ ಮುಚ್ಚಿದರೂ ಓಡುತ್ತಿದ್ದರೆ ನೀರು ಹೋಸಿನಿಂದ ವಾಪಸ್ ಬರ್ತಿದೆ. ಪಂಪಿನ ಬಾಯಲ್ಲಿರುವ, ನೀರು ವಾಪಸ್ ಬಾರದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ ಹಿಡಿಯುತ್ತಿಲ್ಲ.

ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಸರಿಸಿ ನೀರಿನ ಮಟ್ಟವನ್ನೂ ನೋಡಿ. ಜುಲೈನಲ್ಲಿ ನಿಮ್ಮ ಕಡೆ ಮಣ್ಣು ನೀರು ಕುಡಿದು ತುಂಬಿರುತ್ತೆ, ಇಂಗುಗುಂಡಿ ಇಂಗಲ್ಲ. ಆಗ ಟ್ಯಾಂಕಿನ ನೀರು ಒಳಬರುವ ಪೈಪಿಗಿಂತ ಮೇಲೆ ಬಂದಿರುತ್ತೆ. ದೂರ ನಿಂತು ಟಾರ್ಚ್ ಬಿಟ್ಟು ನೋಡಿದರೆ ಸಾಕು. ಬಗ್ಗಿ ಮುಖ ಹಾಕಬೇಡಿ, ಬೆಂಕಿಕಡ್ಡಿ ಗೀರಬೇಡಿ, ಯಾರನ್ನೂ ಒಳಗೆ ಇಳಿಸಬೇಡಿ. ಆ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಆಳು ಇಳಿಸೋದು ಅಪರಾಧ ಕೂಡ.

ತೋಟದಮನೆ

ಕಾಕ್ ಮುಚ್ಚಿದೆ, ಆದರೂ ಓಡ್ತಿದೆ. ಟ್ಯಾಂಕ್ ನೋಡಿದೆ. ಹೋಸಿನ ತುದಿ ನೀರಲ್ಲಿ ಒಂದು ಗೇಣು ಮುಳುಗಿದೆ.

ಹಳೇನಾವಿಕ (ಗೋಣಿಕೊಪ್ಪ)

ನೌಕಾಪಡೆಯಲ್ಲಿ 15 ವರ್ಷ ಇದ್ದು, ಆಮೇಲೆ ಕೊಚ್ಚಿಯಲ್ಲಿ ಸಣ್ಣ ದೋಣಿಗಳ ರಿಪೇರಿ ಮಾಡಿಕೊಂಡಿದ್ದವನು ನಾನು. ನಿಮ್ಮ ರೂಮಿನ ಕಥೆ ಓದಿದ ಕೂಡಲೇ ಗೊತ್ತಾಯಿತು, ಇದು ದೋಣಿಯ ಟಾಯ್ಲೆಟ್ಟಿನದೇ ಕಾಯಿಲೆ.

ದೋಣಿಯಲ್ಲಿ ಕಮೋಡ್ ಎಷ್ಟೋ ಸಲ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಇರುತ್ತೆ. ಹೋಸ್ ನೇರವಾಗಿ ಹೊರಗಿನ ನೀರಿಗೆ ಹೋದರೆ, ರಬ್ಬರ್ ವಾಲ್ವ್ ಸ್ವಲ್ಪ ಸೋತರೂ ಸಾಕು, ಸೈಫನ್ ಹಿಡಿದು, ಅಂದರೆ ಹೋಸೇ ನೀರನ್ನು ತಾನಾಗಿ ಎಳೆದುಕೊಂಡು, ಸಮುದ್ರವೇ ಒಳಗೆ ಬರುತ್ತೆ. ಕಟ್ಟಿಹಾಕಿದ ದೋಣಿ ರಾತ್ರೋರಾತ್ರಿ ಹೀಗೆ ಮುಳುಗಿದ್ದುಂಟು. ಅದಕ್ಕೇ ಹೋಸನ್ನು ಮೊದಲು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಒಯ್ದು, ನೆತ್ತಿಯಲ್ಲಿ ಗಾಳಿ ಎಳೆಯುವ ಒಂದು ಕಿಂಡಿ ಇಟ್ಟು, ಆಮೇಲೆ ಇಳಿಸ್ತೇವೆ. ಗಾಳಿ ಹೊಕ್ಕ ಕಡೆ ಸೈಫನ್ ನಿಲ್ಲಲ್ಲ.

ನಿಮ್ಮ ರೂಮ್ ಆ ದೋಣಿ, ಟ್ಯಾಂಕ್ ಸಮುದ್ರ. ತುದಿ ಮುಳುಗಿದೆ, ನಡುವೆ ಗಾಳಿಗೆ ದಾರಿಯಿಲ್ಲ, ಎನ್‌ಆರ್‌ವಿ ಸೋತಿದೆ. ಕರೆಂಟ್ ಇದ್ದಷ್ಟು ಹೊತ್ತು ಪಂಪ್ ಅದನ್ನು ವಾಪಸ್ ತಳ್ಳುತ್ತಾ ನಿಮ್ಮನ್ನು ಕಾಪಾಡ್ತಿತ್ತು. ಹೊಸ ಎನ್‌ಆರ್‌ವಿ ಒಂದನ್ನೇ ಹಾಕಿ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ. ಇವತ್ತಿನಿಂದಲೇ ಆ ಟಾಯ್ಲೆಟ್ ಬಳಸೋದು ನಿಲ್ಲಿಸಿ.

ಇನ್ನು ವಾಸನೆ. ಬಿಸಿನೀರಲ್ಲಿ ಒಂದು ಬಟ್ಟೆ ಅದ್ದಿ ಹಿಂಡಿ, ಹೋಸಿನ ಹೊರಮೈಯನ್ನು ಗಟ್ಟಿಯಾಗಿ ಉಜ್ಜಿ. ಬೇರೆ ಕಡೆ ಹೋಗಿ ಬಟ್ಟೆ ಮೂಸಿ ನೋಡಿ. ಬಟ್ಟೆ ನಾತ ಹೊಡೆದರೆ ವಾಸನೆ ಹೋಸಿನ ಗೋಡೆಯಲ್ಲೇ ಇಳಿದಿದೆ. ದೋಣಿಗೆ ಇದಕ್ಕೆಂದೇ ದಪ್ಪ ಗೋಡೆಯ ಬೇರೆ ಹೋಸ್ ಬರುತ್ತೆ. ನಿಮ್ಮದು ಹೊಳೆಯಿಂದ ನೀರೆತ್ತುವ ಹೋಸ್, ಮಲ ಹಿಡಿದು ನಿಲ್ಲಲು ಮಾಡಿದ್ದಲ್ಲ.

ಹೋಂಸ್ಟೇ_ಸುಂಟಿಕೊಪ್ಪ

ನಮ್ಮಲ್ಲೂ ವಾಸನೆ ಇತ್ತು, ಪ್ಲಂಬರ್ ಬಾತ್‌ರೂಮ್ ಆಸಿಡ್ ಸುರಿಯಲು ಹೇಳಿದ್ದರು. ಎರಡು ಬಾಟಲಿ ಹಾಕಿ ನೋಡಬಹುದಾ ಅಣ್ಣ?

ಹಳೇನಾವಿಕ

ಬೇಡ ಅಕ್ಕ. ಅವರು ಆಗಲೇ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ. ಅದರ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತೆ, ಕಿಟಕಿ ಸಣ್ಣದಿರುವ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತೆ. ಪಂಪಿನ ರಬ್ಬರೂ ಹಾಳು. ಸಮುದ್ರದ ನೀರಲ್ಲಿ ಫ್ಲಶ್ ಮಾಡುವ ದೋಣಿಗಳಲ್ಲಿ ಮೂತ್ರದ ಜೊತೆ ಸೇರಿ ಹೋಸಿನೊಳಗೆ ಸುಣ್ಣದಂಥ ಪದರ ಕಟ್ಟುತ್ತೆ, ಅಲ್ಲಿ ವಿನೆಗರ್ ಬೇಕಾಗುತ್ತೆ. ನಮ್ಮ ಕೊಡಗಿನ ಮಳೆನೀರಿಗೆ ಅದು ಅಷ್ಟಿರಲ್ಲ.

ತೋಟದಮನೆ

ಬಟ್ಟೆ ಪರೀಕ್ಷೆ ಮಾಡಿದೆ. ಅಬ್ಬಾ, ಬಟ್ಟೆ ಎಸೆಯಬೇಕಾಯಿತು. ಆದರೆ ಹೋಸ್ ಹಾಕಿ ಇನ್ನೂ ಒಂದು ವರ್ಷ. ಇಷ್ಟು ಬೇಗ ಹೇಗೆ?

ಹಳೇನಾವಿಕ

ಲೆಕ್ಕ ಹಾಕಿ. ಒಂದೂವರೆ ಇಂಚು ಅಂದರೆ 38 ಎಂಎಂ. ಆ ಹೋಸ್ ಮೀಟರಿಗೆ ಸುಮಾರು 1.1 ಲೀಟರ್ ಹಿಡಿಯುತ್ತೆ. 18 ಮೀಟರಿಗೆ 20 ಲೀಟರ್. ನಿಮ್ಮ ಫ್ಲಶ್ ಎಷ್ಟು, 6 ಲೀಟರ್? ಅಂದರೆ ಒಮ್ಮೆ ಫ್ಲಶ್ ಮಾಡಿದ್ದು ಮೂರನೇ ಒಂದು ಭಾಗ ದಾರಿ ಹೋಗಿ ಅಲ್ಲೇ ಕೂರುತ್ತೆ. ಟ್ಯಾಂಕ್ ಮುಟ್ಟಲು ನಾಲ್ಕನೇ ಫ್ಲಶ್ ಬೇಕು. ಅತಿಥಿ ಇಲ್ಲದ ವಾರ ಪೂರ್ತಿ ಅದು ಹೋಸಿನೊಳಗೇ ಇರುತ್ತೆ. ನೆಲದ ಮೇಲೆ ಮಲಗಿಸಿದ ಭಾಗ ಯಾವತ್ತೂ ಖಾಲಿಯಾಗೋದೇ ಇಲ್ಲ.

ಈಗ ಮಾಡಬೇಕಾದ್ದು ಹೇಳ್ತೇನೆ. ಹೋಸ್ ಪೂರ್ತಿ ತೆಗೆಯಿರಿ. ಬಿಚ್ಚುವ ಮುಂಚೆ ಪಂಪಿನ ಪ್ಲಗ್ ಕಿತ್ತು, ಟ್ಯಾಂಕಿನ ಕಡೆಯ ತುದಿಯನ್ನು ಮೊದಲು ನೀರಿನಿಂದ ಮೇಲೆತ್ತಿ. ಆಮೇಲೆ ಕೆಳಗೆ ಬಕೆಟ್ ಇಟ್ಟು ಬಿಚ್ಚಿ, ಹೋಸಿನ 20 ಲೀಟರ್ ನಿಮ್ಮ ಮೇಲೇ ಬರುತ್ತೆ ಅಂತ ನೆನಪಿರಲಿ. ಗ್ಲೌಸ್ ಹಾಕಿಕೊಳ್ಳಿ.

ಪಂಪಿನಿಂದ ಹೊರಟ ಕೂಡಲೇ ನೇರ ಮೇಲಕ್ಕೆ, 40 ಎಂಎಂ ಪಿವಿಸಿ ಪ್ರೆಷರ್ ಪೈಪ್, ಹೊರಗೋಡೆಗೆ ಕ್ಲ್ಯಾಂಪ್ ಹೊಡೆದು. ಏರಿಕೆ ಯಾವಾಗಲೂ ಮೊದಲು ಇರಬೇಕು, ಅಡ್ಡ ಪೈಪ್ ಆಮೇಲೆ. 90 ಡಿಗ್ರಿ ಎಲ್ಬೋ ಬೇಡ, 45ರದ್ದು ಎರಡು ಹಾಕಿ. ಪೈಪಿನ ನೆತ್ತಿ ಟ್ಯಾಂಕಿನ ಮೇಲಿನ ಸ್ಲ್ಯಾಬಿಗಿಂತಲೂ ಮೇಲಿರಬೇಕು. ಗಾರೆಯವರ ಲೆವೆಲ್ ಟ್ಯೂಬ್ ಹಿಡಿದು ಅಳೆಯಿರಿ, ಬರೆ ಜಾಗದಲ್ಲಿ ಕಣ್ಣಂದಾಜು ಮೋಸ ಮಾಡುತ್ತೆ. ನೆತ್ತಿಯಿಂದ ಮುಂದೆ 63 ಎಂಎಂ ಪೈಪ್, ಮೀಟರಿಗೆ ಕಡಿಮೆಯೆಂದರೂ 1 ಸೆಂಟಿಮೀಟರ್ ಇಳಿಜಾರು. ನೆತ್ತಿಯಲ್ಲಿ ಒಂದು ಟೀ ಜಾಯಿಂಟ್ ಹಾಕಿ ಗಾಳಿ ಪೈಪನ್ನು ಸೂರಿಗಿಂತ ಮೇಲಕ್ಕೆ ಒಯ್ದು ಸೊಳ್ಳೆ ಜಾಲರಿ ಕಟ್ಟಿ. ಪಂಪಿನ ಪಕ್ಕ ಹೊಸ ಎನ್‌ಆರ್‌ವಿ, ಅದರ ಮೇಲೆ ಬಾಲ್ ವಾಲ್ವ್. ಎನ್‌ಆರ್‌ವಿಯ ಎರಡೂ ಬದಿಗೆ ಯೂನಿಯನ್ (ತಿರುಗಿಸಿ ಬಿಚ್ಚುವ ಜಾಯಿಂಟ್) ಇರಲಿ. ಬಾಲ್ ವಾಲ್ವ್ ಮುಚ್ಚಿದರೆ ಮೇಲಿನ ಪೈಪಿನಲ್ಲಿ ನಿಂತ ನೀರು ಸುರಿಯದೆ ಎನ್‌ಆರ್‌ವಿ ಬಿಚ್ಚಿ ತೊಳೆಯಬಹುದು.

ಕುಶಾಲನಗರ_ಪ್ಲಂಬರ್

ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೇನೆ. ಬರೆ ದಾಟುವಲ್ಲಿ ಪೈಪನ್ನು ಮಣ್ಣಲ್ಲಿ ಹೂಳಬೇಡಿ. ಮಳೆಗೆ ಮಣ್ಣು ಒಂದಿಂಚು ಜಾರಿದರೂ ಜಾಯಿಂಟ್ ಬಿಡುತ್ತೆ, ಬಾವಿಗೆ ಸೇರುವವರೆಗೂ ನಿಮಗೆ ಗೊತ್ತಾಗಲ್ಲ. ಸತು ಬಳಿದ ಕಬ್ಬಿಣದ (ಜಿಐ) ಆಂಗಲ್ ಮೇಲೆ ಕಣ್ಣಿಗೆ ಕಾಣುವ ಹಾಗೆ ತನ್ನಿ. ಸಲ್ಯೂಷನ್ (ಪೈಪ್ ಅಂಟು) ಹಚ್ಚುವಾಗ ಪೈಪ್ ಒಣಗಿರಬೇಕು. ಈ ಥಂಡಿಯಲ್ಲಿ ಅದು ಗಟ್ಟಿಯಾಗೋದು ನಿಧಾನ, ಒಂದು ದಿನ ಪೂರ್ತಿ ಬಿಡಿ. ಅದಕ್ಕೂ ಮೊದಲು ಸಕ್ಕಿಂಗ್ ಗಾಡಿ ತರಿಸಿ ಟ್ಯಾಂಕ್ ಖಾಲಿ ಮಾಡಿಸಿ. ಸೂರಿನ ನೀರು ಇಂಗುಗುಂಡಿ ಕಡೆ ಬರ್ತಿದ್ದರೆ ಚರಂಡಿ ತಿರುಗಿಸಿ.

ತೋಟದಮನೆ

ಕೆಲಸ ಮುಗಿಸಿ ಬರೆಯುತ್ತಿದ್ದೇನೆ. ಹಳೇ ಎನ್‌ಆರ್‌ವಿಯ ರಬ್ಬರ್ ನಾಲಿಗೆಗೆ ವೆಟ್ ವೈಪ್ಸ್‌ನ ನಾರು ಸುತ್ತಿ ಅರ್ಧ ತೆರೆದೇ ನಿಂತಿತ್ತು. ಈಗ ಬಾತ್‌ರೂಮಿನಲ್ಲಿ ಮುಚ್ಚಳದ ಡಬ್ಬ ಇಟ್ಟಿದ್ದೇನೆ.

ಏರು ಪೈಪ್ 3.8 ಮೀಟರ್, ಸ್ಲ್ಯಾಬಿಗಿಂತ 30 ಸೆಂಟಿಮೀಟರ್ ಮೇಲೆ. ಅಲ್ಲಿಂದ ಟ್ಯಾಂಕಿಗೆ 8 ಮೀಟರ್ ಇಳಿಜಾರು. ಏರು ಪೈಪಿನಲ್ಲಿ ಈಗ ನಿಲ್ಲೋದು 4 ಲೀಟರ್ ಅಷ್ಟೇ, ಒಂದೇ ಫ್ಲಶ್‌ಗೆ ನೆತ್ತಿ ದಾಟುತ್ತೆ.

ಜಾಯಿಂಟ್ ಪರೀಕ್ಷೆಗೆ ಬಣ್ಣದ ನೀರು ಬೇಕಿತ್ತು. ಅವತ್ತು ಆಟಿ ಹದಿನೆಂಟು, ನಮ್ಮ ಕೊಡಗಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಪಾಯಸಕ್ಕೆ ಅಂತ ಅಮ್ಮ ಮದ್ದುಸೊಪ್ಪು ಕುದಿಸಿದ್ದರು, ಅದರ ಚರಟವನ್ನೇ ಮತ್ತೆ ಕುದಿಸಿದರೆ ಒಂದು ಬಕೆಟ್ ನೇರಳೆ ನೀರು ಸಿಕ್ಕಿತು. ಕಮೋಡಿಗೆ ಹಾಕಿ, ಪ್ರತಿ ಜಾಯಿಂಟಿಗೂ ಬಿಳಿ ಬಟ್ಟೆ ಸುತ್ತಿ ನೋಡಿದೆ. ಕೆಳಗಿನ ಯೂನಿಯನ್ ಒಂದರಲ್ಲಿ ಚುಕ್ಕೆ ಬಂತು, ವಾಷರ್ ತಿರುಗಿ ಕೂತಿತ್ತು. ಸರಿ ಮಾಡಿದ ಮೇಲೆ ಎಲ್ಲೂ ಇಲ್ಲ. ಐದು ರಾತ್ರಿಯಾಯಿತು, ಪಂಪ್ ಒಮ್ಮೆಯೂ ತಾನಾಗಿ ಓಡಿಲ್ಲ. ಮೇನ್ ಆಫ್ ಮಾಡಿ ಇಡೀ ರಾತ್ರಿ ಬಿಟ್ಟೂ ನೋಡಿದೆ, ಕಮೋಡ್ ಹಾಗೇ ಇತ್ತು. ನಿಮ್ಮಿಬ್ಬರ ಉಪಕಾರ ಮರೆಯಲ್ಲ.

ಒಂದೇ ಪ್ರಶ್ನೆ. ಹಳೇ ಹೋಸ್ 18 ಮೀಟರ್ ಕೊಟ್ಟಿಗೆ ಹಿಂದೆ ಬಿದ್ದಿದೆ. ತೊಳೆದು ಮೆಣಸಿನ ಬಳ್ಳಿಗೆ ನೀರು ಬಿಡಲು ಬಳಸಬಹುದಾ?

ಹಳೇನಾವಿಕ

ಬೇಡ. ಗೋಡೆಯೊಳಗೆ ಇಳಿದದ್ದು ತೊಳೆದರೆ ಹೋಗಲ್ಲ. ನೀವಿಲ್ಲದಾಗ ಯಾರಾದರೂ ಅದನ್ನು ಬಾವಿಗೆ ಇಳಿಸಿಬಿಟ್ಟಾರು. ಇವತ್ತೇ ಮೊಳದುದ್ದ ತುಂಡು ಮಾಡಿ ಕಸದ ಗಾಡಿಗೆ ಕೊಡಿ. ಎನ್‌ಆರ್‌ವಿಯ ರಬ್ಬರ್ ಇನ್ನೊಂದು ತಂದು ಮನೆಯಲ್ಲಿಟ್ಟುಕೊಳ್ಳಿ, ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಬದಲಿಸಿ.