ಕೇಸು ಬಿದ್ದುಹೋಯ್ತು, ಫೋಟೊ ಮಾತ್ರ ಹಾಗೇ ಇದೆ: ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಹಾಕಬೇಡಿ ಎಂದಿದ್ದಾರೆ): ಮೇಡಂ ನಮಸ್ಕಾರ. ನನ್ನ ತಮ್ಮನನ್ನು 2021ರಲ್ಲಿ ಬೈಕ್ ಕಳವು ಕೇಸಿನಲ್ಲಿ ಹಿಡಿದಿದ್ದರು. ಸ್ನೇಹಿತ ಕೊಟ್ಟ ಬೈಕು ಓಡಿಸುತ್ತಿದ್ದ, ಅಷ್ಟೇ. ಹೋದ ವರ್ಷ ಕೋರ್ಟು ಖುಲಾಸೆ ಮಾಡಿತು. ಆದರೆ ಅವತ್ತು ಠಾಣೆ ಮುಂದೆ ನಿಲ್ಲಿಸಿ ತೆಗೆದ ಫೋಟೊ ಪೊಲೀಸರ ಫೇಸ್‌ಬುಕ್ ಪುಟದಲ್ಲಿ, ಎರಡು ಸುದ್ದಿ ತಾಣಗಳಲ್ಲಿ ಇನ್ನೂ ಇದೆ. ಮುಂದೆ ಸಾಲಾಗಿ ಬೈಕುಗಳು, ಹಿಂದೆ ಇವನೂ ಇನ್ನಿಬ್ಬರೂ, ಅವರ ಹಿಂದೆ ಸಿಬ್ಬಂದಿ. ಮೊನ್ನೆ ಹೆಣ್ಣಿನ ಕಡೆಯವರು ಅದರ ಸ್ಕ್ರೀನ್‌ಶಾಟ್ ಕಳಿಸಿ ಮಾತುಕತೆ ನಿಲ್ಲಿಸಿದರು. ಈ ಫೋಟೊ ತೆಗೆಸೋಕೆ ದಾರಿ ಇದೆಯಾ?

ಉತ್ತರ: ಇದೆ. ಪೊಲೀಸರ ಪುಟದಿಂದ ತೆಗೆಸುವುದು ಸುಲಭ, ಸುದ್ದಿ ತಾಣದಿಂದ ಕಷ್ಟ. ಹಾಗಾಗಿ ಸುಲಭದಿಂದಲೇ ಶುರು ಮಾಡಿ.

ಬಂಧನದ ವಿಷಯದಲ್ಲಿ ಕಾನೂನು ಏನನ್ನು ಬಹಿರಂಗ ಮಾಡು ಅನ್ನುತ್ತದೆ ಅಂತ ಮೊದಲು ನೋಡೋಣ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 37ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ಒಬ್ಬ ಅಧಿಕಾರಿ ಇರಬೇಕು, ಎಎಸ್‌ಐಗಿಂತ ಕೆಳಗಿನ ದರ್ಜೆಯವರು ಆಗೋದಿಲ್ಲ. ಬಂಧಿತರ ಹೆಸರು, ವಿಳಾಸ, ಯಾವ ಅಪರಾಧದ ಆರೋಪ ಅನ್ನೋದನ್ನು ಎಲ್ಲರಿಗೂ ಕಾಣುವಂತೆ ಹಾಕೋದು ಅವರ ಕೆಲಸ. ಡಿಜಿಟಲ್ ರೂಪದಲ್ಲೂ ಹಾಕಬಹುದು. ಹೆಸರು, ವಿಳಾಸ, ಆರೋಪ. ಪಟ್ಟಿ ಅಲ್ಲಿಗೆ ಮುಗಿಯಿತು, ಫೋಟೊ ಅದರಲ್ಲಿಲ್ಲ.

ಈ ನಿಯಮ ಹುಟ್ಟಿದ್ದೇ ಬಂಧಿತರನ್ನು ಕಾಪಾಡೋಕೆ. ಲಾಕಪ್ ಸಾವುಗಳ ವಿಚಾರವಾಗಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಯಾರನ್ನಾದರೂ ಹಿಡಿದರೆ 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಬೇಕು, ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು ಅಂತ ಹೇಳಿತು. ಗಂಡನನ್ನೋ ಮಗನನ್ನೋ ಎತ್ತಿಕೊಂಡು ಹೋದರೆ ಎಲ್ಲಿಟ್ಟಿದ್ದಾರೆ ಅಂತ ಮನೆಯವರಿಗೆ ಗೊತ್ತಾಗಲಿ ಅನ್ನೋದು ಉದ್ದೇಶ. ಮನೆಯವರಿಗೆ ತಮ್ಮ ಹುಡುಗನ ಮುಖ ಗೊತ್ತಿರುತ್ತದೆ, ಅದಕ್ಕೆ ಫೋಟೊ ಬೇಕಿಲ್ಲ. ಬಂಧನ ಗುಟ್ಟಾಗಬಾರದು ಅನ್ನೋ ನಿಯಮ ತೋರಿಸಿ ಬಂಧಿತನ ಮುಖವನ್ನು ಊರಿಗೆಲ್ಲ ಹಂಚುವುದು ನನಗೆ ಒಪ್ಪಿಗೆಯಿಲ್ಲ. ಕೇಂದ್ರ ಗೃಹ ಸಚಿವಾಲಯವೂ 2010ರ ಏಪ್ರಿಲ್ 1ರಂದೇ ಒಂದು ಸಲಹಾ ಪತ್ರ ಹೊರಡಿಸಿದೆ. ಬಂಧಿತರನ್ನು ಮಾಧ್ಯಮದ ಮುಂದೆ ಸಾಲಾಗಿ ನಿಲ್ಲಿಸಬೇಡಿ ಅಂತ ಅದರಲ್ಲಿದೆ. ನಿಮ್ಮ ತಮ್ಮನ ಫೋಟೊ ಅದಾಗಿ ಹನ್ನೊಂದು ವರ್ಷದ ಮೇಲಿನದು.

ಈಗ ಕೆಲಸಕ್ಕೆ ಬನ್ನಿ. ಖುಲಾಸೆ ತೀರ್ಪಿನ ದೃಢೀಕೃತ ನಕಲು ತೆಗೆದುಕೊಳ್ಳಿ. ಫೇಸ್‌ಬುಕ್ ಪೋಸ್ಟಿನ ಲಿಂಕ್, ತಾರೀಖು ಕಾಣುವ ಪ್ರಿಂಟ್ ಇಟ್ಟುಕೊಳ್ಳಿ. ಎಸ್‌ಪಿಯವರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಅಪರಾಧ ಸಂಖ್ಯೆ, ತೀರ್ಪಿನ ದಿನಾಂಕ, ಲಿಂಕ್ ಹಾಕಿ ಎರಡೇ ಮಾತು ಬರೆಯಿರಿ: ಯಾವ ಕಾನೂನಿನಡಿ ಈ ಫೋಟೊ ಹಾಕಿದ್ದೀರಿ ತಿಳಿಸಿ, ಇಲ್ಲವಾದರೆ ತೆಗೆಯಿರಿ. ಗೋಳು ತೋಡಿಕೊಳ್ಳುವುದು ಬೇಡ, ಮದುವೆ ಸುದ್ದಿ ಬೇಡ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ 'ನೋಡೋಣ' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಯಾವ ಕಾನೂನು ಅಂತ ಯಾಕೆ ಕೇಳಬೇಕು ಅಂದರೆ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಅಂದಿತು. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ಸರ್ಕಾರ ಕೈ ಹಾಕಬೇಕಾದರೆ ಒಂದು ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಮಾಡಬೇಕು. ಖುಲಾಸೆಯಾದವನ ಮುಖ ಪೊಲೀಸ್ ಪುಟದಲ್ಲಿ ಇಟ್ಟುಕೊಳ್ಳಲು ಈ ಮೂರರಲ್ಲಿ ಒಂದೂ ಸಿಗೋದಿಲ್ಲ.

ಅದೇ ಪ್ರಶ್ನೆದಾರರು: ತುಂಬಾ ಥ್ಯಾಂಕ್ಸ್ ಮೇಡಂ. ಸುದ್ದಿ ತಾಣದವರು ಫೋನ್ ಮಾಡಿದರೆ 'ನಾವು ಹಾಕಿದ್ದು ಸುಳ್ಳಾ?' ಅಂತಾರೆ.

ಉತ್ತರ: ಅವರ ಮಾತಲ್ಲಿ ತಿರುಳಿದೆ. ಅವತ್ತು ಬಂಧನ ಆಗಿದ್ದು ನಿಜ. ಆದ್ದರಿಂದ ಮಾನನಷ್ಟ ಕೇಸು ಹಾಕ್ತೀನಿ ಅಂತ ಹೆದರಿಸಬೇಡಿ, ಯಾರೂ ಹೆದರೋದಿಲ್ಲ. 'ಕಳ್ಳರ ಸೆರೆ' ಅಂತ ತಲೆಬರಹ ಹಾಕಿದ್ದರೆ ಬೇರೆ ಮಾತು, ಆಗ ಆರೋಪಿಯನ್ನು ತಾವೇ ಅಪರಾಧಿ ಮಾಡಿದ ಹಾಗಾಯಿತು.

ಪೂರ್ತಿ ಅಳಿಸಿ ಅಂತ ಕೇಳುವ ಬದಲು, ಫೋಟೊ ತೆಗೆದು ಖುಲಾಸೆಯ ಸುದ್ದಿ ಸೇರಿಸಿ ಅಂತ ಕೇಳಿ. ಸಂಪಾದಕರು ಇದಕ್ಕೆ ಜಾಸ್ತಿ ಒಪ್ಪುತ್ತಾರೆ, ಅವರ ವರದಿಯೂ ಉಳಿಯುತ್ತದಲ್ವಾ. 2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ತಾಣಗಳಿಗೂ ಫೇಸ್‌ಬುಕ್, ಗೂಗಲ್‌ಗೂ ಕುಂದುಕೊರತೆ ಅಧಿಕಾರಿ ಇರಲೇಬೇಕು. ಫೋನ್ ಬಿಟ್ಟು ಅವರಿಗೆ ಇಮೇಲ್ ಹಾಕಿ, ತೀರ್ಪಿನ ನಕಲು ಲಗತ್ತಿಸಿ. ಉತ್ತರ ಬರಲಿಲ್ಲ ಅಂದರೆ ಆ ಇಮೇಲೇ ಮುಂದೆ ಹೈಕೋರ್ಟಿನ ರಿಟ್ ಅರ್ಜಿಗೆ ದಾಖಲೆ. ಬೆಂಗಳೂರಿಗೇ ಹೋಗಬೇಕು ಅಂತಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ.

'ಮರೆತುಬಿಡಿ ಎನ್ನುವ ಹಕ್ಕು', ಅಂದರೆ ನಮ್ಮ ಹಳೇ ಮಾಹಿತಿಯನ್ನು ಇಂಟರ್ನೆಟ್‌ನಿಂದ ತೆಗೆಸುವ ಹಕ್ಕು, ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ನಿಂತಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟ್, ಮಾದಕ ವಸ್ತು ಕೇಸಿನಲ್ಲಿ ಖುಲಾಸೆಯಾದ ಒಬ್ಬರ ತೀರ್ಪು ಹುಡುಕಾಟದಲ್ಲಿ ಸಿಗದಂತೆ ಮಾಡಲು ಮಧ್ಯಂತರ ಆದೇಶ ಕೊಟ್ಟಿತು. ಖುಲಾಸೆಯಾದವರ ಹೆಸರು ಮರೆಮಾಡಿ ಅಂತ ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿದ್ದಕ್ಕೆ ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇವೆರಡೂ ತೀರ್ಪಿನಲ್ಲಿರುವ ಹೆಸರಿನ ವಿಷಯ. ಫೋಟೊ ಬೇರೆ, ಅದು ನ್ಯಾಯಾಲಯದ ದಾಖಲೆಯೇ ಅಲ್ಲ. ನಿಮ್ಮ ಅರ್ಜಿಯಲ್ಲಿ ಫೋಟೊ ಒಂದನ್ನೇ ಹಿಡಿದುಕೊಳ್ಳಿ, ಹೆಸರು-ತೀರ್ಪು ಎಲ್ಲ ಸೇರಿಸಿ ಗೋಜಲು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ಫೋಟೊ ಹೋಯಿತು ಅಂತ ಸರ್ಕಾರಿ ಕೆಲಸದ ಅರ್ಜಿಯಲ್ಲಿ 'ಬಂಧನ ಆಗಿದೆಯೇ' ಅಂತ ಕೇಳಿದರೆ ಇಲ್ಲ ಅಂತ ಬರೆಯಬೇಡಿ. ಆಗಿತ್ತು, ಖುಲಾಸೆಯಾಯಿತು ಅಂತಲೇ ಬರೆಸಿ. ಮುಚ್ಚಿಟ್ಟಿದ್ದು ಕೇಸಿಗಿಂತ ದೊಡ್ಡ ತೊಂದರೆ ತರುತ್ತದೆ.

ಪ್ರಶ್ನೆ (ಜಿಲ್ಲಾ ವರದಿಗಾರ): ಮೇಡಂ, ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ಚೀಟಿ ವ್ಯವಹಾರದಲ್ಲಿ ನೂರಾರು ಜನರಿಗೆ ಟೋಪಿ ಹಾಕಿದವನ ಮುಖ ತೋರಿಸಬಾರದಾ? ಲಂಚ ತೆಗೆದುಕೊಳ್ಳುವಾಗ ಲೋಕಾಯುಕ್ತರ ಬಲೆಗೆ ಬಿದ್ದ ಅಧಿಕಾರಿಯದ್ದು? ಎಲ್ಲವೂ ಖಾಸಗಿ ಅಂದರೆ ನಾವು ಏನು ಬರೆಯೋದು?

ಉತ್ತರ: ಬರೆಯಿರಿ, ನಾನು ಬೇಡ ಅಂದಿಲ್ಲ. ಕರ್ತವ್ಯದಲ್ಲಿ ತಪ್ಪು ಮಾಡಿದ ಸರ್ಕಾರಿ ನೌಕರ ಖಾಸಗಿತನದ ಪರದೆ ಹಿಂದೆ ನಿಲ್ಲೋಕಾಗೋದಿಲ್ಲ. ತಮಿಳುನಾಡಿನ ಸರಣಿ ಕೊಲೆಗಾರ ಆಟೋ ಶಂಕರ್‌ನ ಆತ್ಮಕಥೆಯ 1994ರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ. ಚೀಟಿ ವಂಚಕನ ಮುಖ ನೋಡಿ ಇನ್ನಷ್ಟು ಜನ ದೂರು ಕೊಡಲು ಬರುತ್ತಾರೆ ಅಂದರೆ ಅದೂ ಸರಿಯಾದ ಉದ್ದೇಶ. ತಲೆಮರೆಸಿಕೊಂಡವನ ಫೋಟೊವನ್ನು ಪೊಲೀಸರೇ ಗೋಡೆಗೆ ಅಂಟಿಸುತ್ತಾರೆ, ಅದೂ ಬೇಕು. ಕೋರ್ಟಿನ ಹೊರಗೆ ನೀವೇ ನಿಂತು ತೆಗೆದ ಫೋಟೊ ನಿಮ್ಮ ಸ್ವಾತಂತ್ರ್ಯ.

ನನ್ನ ತಕರಾರು ಠಾಣೆಯೊಳಗೆ ಪೊಲೀಸರು ನಿಲ್ಲಿಸಿ, ತೆಗೆದು, ವಾಟ್ಸಾಪ್ ಗುಂಪಿಗೆ ಹಾಕುವ ಫೋಟೊ ಬಗ್ಗೆ. ಅಲ್ಲಿ ನಿಂತವನಿಗೆ ಒಲ್ಲೆ ಅನ್ನುವ ದಾರಿ ಇಲ್ಲ. ಆ ಗುಂಪಿನಲ್ಲಿ ಲೋಕಾಯುಕ್ತ ಬಲೆಯ ಅಧಿಕಾರಿಗಿಂತ ಬೈಕ್ ಕಳವು, ಇಸ್ಪೀಟು, ಸಣ್ಣ ಗಾಂಜಾ ಕೇಸಿನವರೇ ಜಾಸ್ತಿ, ನಿಮಗೂ ಗೊತ್ತು. ದೊಡ್ಡವರ ಫೋಟೊ ಬೇಕಾದರೆ ನೀವು ಬಿಸಿಲಲ್ಲಿ ಕಾಯಬೇಕು, ಅಲ್ವಾ?

ನಿಮ್ಮ ವರದಿಯಿಂದ ಪೊಲೀಸರ ಕೇಸೇ ಕೆಡಬಹುದು, ಅದೂ ಇದೆ. ಗುರುತು ಪತ್ತೆ ಪೆರೇಡ್‌ನಲ್ಲಿ ಸಾಕ್ಷಿ ಆರೋಪಿಯನ್ನು ಹಲವರ ನಡುವೆ ಗುರುತಿಸಬೇಕು. ಹಿಂದಿನ ದಿನ ಅವನ ಮುಖ ಪೇಪರಿನಲ್ಲಿ ಬಂದಿದ್ದರೆ, ಪಾಟೀ ಸವಾಲಿನಲ್ಲಿ ನಾವು ಕೇಳೋದು ಒಂದೇ: 'ನೀವು ಗುರುತಿಸಿದ್ದು ಘಟನೆ ದಿನ ನೋಡಿದ ಮುಖವನ್ನೋ, ಪೇಪರಿನಲ್ಲಿ ನೋಡಿದ ಮುಖವನ್ನೋ?' ಅಲ್ಲಿಗೆ ಆ ಪೆರೇಡ್‌ಗೆ ಬೆಲೆ ಹೋಯಿತು. ಕೆಲವು ತನಿಖಾಧಿಕಾರಿಗಳು ಆರೋಪಿ ಮುಖಕ್ಕೆ ಬಟ್ಟೆ ಕಟ್ಟಿ ಕರೆತರುವುದು ಕರುಣೆಯಿಂದಲ್ಲ, ಇದಕ್ಕೇ. ಪೊಲೀಸರು ಮಾಧ್ಯಮಕ್ಕೆ ಎಷ್ಟು ಹೇಳಬೇಕು ಅನ್ನೋದಕ್ಕೆ ಕೈಪಿಡಿ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಗೃಹ ಸಚಿವಾಲಯಕ್ಕೆ ಹೇಳಿತ್ತು.

ಪ್ರಶ್ನೆ: ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ 'ಕಳ್ಳರಿದ್ದಾರೆ ಎಚ್ಚರಿಕೆ' ಅಂತ ಬೋರ್ಡು ಹಾಕಿ ಹತ್ತಾರು ಮುಖ ಅಂಟಿಸಿದ್ದಾರೆ. ಅದು ಸರಿಯಾ?

ಉತ್ತರ: ಅದರಲ್ಲಿ ಶಿಕ್ಷೆಯಾದವರು ಯಾರು, ಸುಮ್ನೆ ಅನುಮಾನದ ಮೇಲೆ ಹಿಡಿದವರು ಯಾರು ಅಂತ ಬೋರ್ಡು ಹೇಳೋದಿಲ್ಲ. ಅಲ್ಲೇ ತೊಂದರೆ. ಠಾಣೆಗಳಲ್ಲಿ 'ಟಾಪ್ ಟೆನ್' ಅಂತ ಆರೋಪಿಗಳ ಹೆಸರು, ಫೋಟೊ ಹಾಕಿದ್ದನ್ನು ತೆಗೆಯಿರಿ ಅಂತ ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಅದಕ್ಕೂ ಮುಂಚೆ, 2020ರ ಮಾರ್ಚ್‌ನಲ್ಲಿ ಲಖನೌ ರಸ್ತೆಗಳಲ್ಲಿ ಪ್ರತಿಭಟನಾಕಾರರ ಫೋಟೊ, ವಿಳಾಸದ ಹೋರ್ಡಿಂಗ್ ಎದ್ದಾಗ ಅದೇ ಕೋರ್ಟು ಭಾನುವಾರವೂ ಕೂತು ವಿಚಾರಣೆ ಮಾಡಿ, ಮರುದಿನ ತೆಗೆಯಲು ಆದೇಶಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದರೂ ತಡೆ ಸಿಗಲಿಲ್ಲ, ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಬೇರೆ ರಾಜ್ಯದ ಹೈಕೋರ್ಟ್ ಆದೇಶ ನಮ್ಮ ಪೊಲೀಸರನ್ನು ಕಟ್ಟಿಹಾಕೋದಿಲ್ಲ, ಆದರೆ ಅರ್ಜಿಯಲ್ಲಿ ತೋರಿಸಿದರೆ ತೂಕ ಬರುತ್ತದೆ.

ಪ್ರಶ್ನೆ (ಒಬ್ಬ ತಾಯಿ): ನನ್ನ ಮಗನಿಗೆ 17. ಜಗಳದ ಕೇಸು. ಅವನ ಫೋಟೊ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ.

ಉತ್ತರ: ಅಮ್ಮಾ, ನಿಮ್ಮದು ಎಲ್ಲಕ್ಕಿಂತ ಗಟ್ಟಿ ಕೇಸು. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಹಾಕುವಂತಿಲ್ಲ. ಹಾಕಿದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇವತ್ತೇ ಹೋಗಿ. ಬಾಲ ನ್ಯಾಯ ಮಂಡಳಿಗೆ ಅರ್ಜಿ ಕೊಡಿ, ಠಾಣೆಗೂ ದೂರು ಕೊಡಿ. ಗುಂಪಿನ ಹೆಸರು, ಹಾಕಿದವರ ನಂಬರ್ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ. ದಯವಿಟ್ಟು ಫೋಟೊವನ್ನು ಇಲ್ಲಿ ಹಾಕಬೇಡಿ, ನನಗೂ ಕಳಿಸಬೇಡಿ.

ಪ್ರಶ್ನೆ (ಸನ್ನಿವೇಲ್, ಕ್ಯಾಲಿಫೋರ್ನಿಯಾ): ಅಕ್ಕಾ, ಇಲ್ಲಿ ನನ್ನ ರೂಮ್‌ಮೇಟ್‌ನನ್ನು ಕುಡಿದು ಗಾಡಿ ಓಡಿಸಿದ್ದಕ್ಕೆ ಅರೆಸ್ಟ್ ಮಾಡಿದ್ದರು. ಅವನ ಮಗ್‌ಶಾಟ್ (ಅರೆಸ್ಟ್ ಆದಾಗ ಪೊಲೀಸರು ತೆಗೆಯುವ ಮುಖದ ಫೋಟೊ) ಹಾಕಿರುವ ಒಂದು ವೆಬ್‌ಸೈಟ್ ತೆಗೆಯೋಕೆ ದುಡ್ಡು ಕೇಳ್ತಿದೆ. ಕೊಡೋದಾ?

ಉತ್ತರ: ಕೊಡಬೇಡಿ. ನಾನು ಅಲ್ಲಿನ ವಕೀಲೆ ಅಲ್ಲ, ಆದರೆ ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಹಾಗೆ ದುಡ್ಡು ಕೇಳೋದೇ ಕಾನೂನುಬಾಹಿರ. ಅಂಥದ್ದೇ ಒಂದು ದೊಡ್ಡ ಸೈಟ್ ನಡೆಸುತ್ತಿದ್ದವರ ಮೇಲೆ 2018ರಲ್ಲಿ ಅದೇ ರಾಜ್ಯ ಸುಲಿಗೆ ಕೇಸು ಹಾಕಿತು. ಒಬ್ಬರಿಗೆ ಕೊಟ್ಟರೆ ನಾಳೆ ಅದೇ ಫೋಟೊ ಇನ್ನೊಂದು ಸೈಟಿನಲ್ಲಿ ಏಳುತ್ತದೆ.

ಅಮೆರಿಕದಲ್ಲಿ ಬಂಧನದ ದಾಖಲೆ ಜನರ ಸ್ವತ್ತು ಅನ್ನೋ ಪದ್ಧತಿ ಬೇರೂರಿದೆ. ಡೆಟ್ರಾಯಿಟ್‌ನ ಒಂದು ಪತ್ರಿಕೆ ಕೇಳಿದ್ದಕ್ಕೆ 1996ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಮಗ್‌ಶಾಟ್ ಕೊಡಿ ಅಂದಿತ್ತು. ಇಂಟರ್ನೆಟ್ ಬಂದ ಮೇಲೆ ಆ ಫೋಟೊ ಅಳಿಯೋದೇ ಇಲ್ಲ ಅಂತ ಅದೇ ಕೋರ್ಟಿಗೆ ಅನ್ನಿಸಿ, 2016ರಲ್ಲಿ 9-7ರ ಬಹುಮತದಿಂದ ತನ್ನ ಮಾತನ್ನೇ ಬದಲಿಸಿತು. ಇನ್ನು ಹಿಂಸೆ ಇಲ್ಲದ ಕೇಸುಗಳ ಫೋಟೊಗಳನ್ನು ಪೊಲೀಸರು ಸೋಷಿಯಲ್ ಮೀಡಿಯಾದಲ್ಲಿ ಹಾಕೋದಕ್ಕೆ ಕ್ಯಾಲಿಫೋರ್ನಿಯಾ 2022ರಿಂದ ಕಡಿವಾಣ ಹಾಕಿದೆ.

ಫೋಟೊ ಆಮೇಲೆ ನೋಡಿ. ಅವನು ವೀಸಾದಲ್ಲಿದ್ದರೆ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಲಿ, ಕುಡಿದು ಓಡಿಸಿದ ಕೇಸಿಗೆ ವೀಸಾ ರದ್ದಾಗುವುದೂ ಉಂಟು.

ಮೊದಲ ಪ್ರಶ್ನೆದಾರರು: ಮೇಡಂ, ಕೊನೆಯದಾಗಿ ಒಂದು. ಠಾಣೆಯೊಳಗೆ ಬೆರಳಚ್ಚಿನ ಜೊತೆ ತೆಗೆದ ಫೋಟೊ ಇರುತ್ತದಲ್ಲ, ಅದೇನಾಗುತ್ತದೆ?

ಉತ್ತರ: ಒಳ್ಳೆ ಪ್ರಶ್ನೆ, ಯಾರೂ ಕೇಳೋದಿಲ್ಲ. 2022ರ ಗುರುತು ಪತ್ತೆ ಕಾಯ್ದೆ ಆಗಸ್ಟ್ 4ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಈ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದವನು ಖುಲಾಸೆಯಾಗಿ, ಮೇಲ್ಮನವಿಯೆಲ್ಲ ಮುಗಿದಿದ್ದರೆ ನಾಶ ಮಾಡಬೇಕು. ಬೇಡ ಅಂತ ಕೋರ್ಟೇ ಕಾರಣ ಬರೆದು ಹೇಳಿದರೆ ಮಾತ್ರ ಉಳಿಯುತ್ತದೆ. ನಿಮ್ಮ ತಮ್ಮನ ಬಂಧನ 2021ರದ್ದು, ಆಗ 1920ರ ಹಳೇ ಕಾಯ್ದೆ ಇತ್ತು, ಅದರಲ್ಲೂ ಖುಲಾಸೆಯಾದರೆ ನಾಶ ಮಾಡಬೇಕು ಅಂತಲೇ ಇತ್ತು. ಆದರೆ ತಾನಾಗಿ ಆಗುತ್ತದೆ ಅಂತ ಕೂರಬೇಡಿ. ಹೊಸ ನಿಯಮದಲ್ಲಿ, ಇದಕ್ಕೆಂದೇ ರಾಜ್ಯ ಸರ್ಕಾರ ಗೊತ್ತು ಮಾಡಿದ ನೋಡಲ್ ಅಧಿಕಾರಿಗೆ ಅರ್ಜಿ ಕೊಡಬೇಕು. ಎಸ್‌ಪಿಯವರಿಗೆ ಕೊಡುವ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ, ನೋಡಲ್ ಅಧಿಕಾರಿಗೂ ಒಂದು ಪ್ರತಿ ಸ್ಪೀಡ್ ಪೋಸ್ಟ್ ಮಾಡಿ. ಸರ್ಕಾರದ ಕಡೆಯಿಂದ ಮೇಲ್ಮನವಿ ಹೋಗಿದೆಯಾ ಅಂತ ಅದಕ್ಕೂ ಮುಂಚೆ ನಿಮ್ಮ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಹೋಗಿದ್ದರೆ ಈ ಭಾಗ ಸದ್ಯಕ್ಕೆ ಬಿಡಿ, ಫೇಸ್‌ಬುಕ್ ಫೋಟೊದ ಅರ್ಜಿ ಮಾತ್ರ ಕೊಡಿ.