ಒಂದೇ ವಿಮಾನಕ್ಕೆ ಮೂರು ದರ: ಲೈಟ್, ಸ್ಟ್ಯಾಂಡರ್ಡ್, ಫ್ಲೆಕ್ಸ್‌ನಲ್ಲಿ ಯಾವುದು ತಗೊಳ್ಳೋದು?

ಕಿಟಕಿಸೀಟು: ಹೋಗಿಬರುವ ಟಿಕೆಟ್ ಮಾಡಿಸಬೇಕು. ಮೂರೂ ಎಕಾನಮಿಯೇ, ದರ ಮಾತ್ರ ಬೇರೆ ಬೇರೆ. ಹೋಗುವ ದಿನ ಗಟ್ಟಿ. ವಾಪಸ್ ಬರೋದು ಒಂದೆರಡು ದಿನ ಆಚೀಚೆ ಆಗಬಹುದು. 20 ಕಿಲೋದ ಒಂದು ಸೂಟ್‌ಕೇಸ್ ಇದೆ. ಫ್ಲೆಕ್ಸ್ ತಗೊಂಡರೆ ದಿನ ಬದಲಿಸೋದು ಪೂರ್ತಿ ಉಚಿತ ತಾನೆ?

ರನ್‌ವೇ: ಪೂರ್ತಿ ಅಲ್ಲ. ಫ್ಲೆಕ್ಸ್‌ನಲ್ಲಿ ಸಾಮಾನ್ಯವಾಗಿ ಮನ್ನಾ ಆಗೋದು ಬದಲಾವಣೆ ಶುಲ್ಕ ಮಾತ್ರ, ದರದ ವ್ಯತ್ಯಾಸ ನೀವೇ ಕಟ್ಟಬೇಕು. ಎಕಾನಮಿಯ ಒಳಗೇ ವೈ, ಎಂ, ಕೆ, ಕ್ಯೂ ಅಂತ ಹಲವು ಬುಕಿಂಗ್ ಕ್ಲಾಸ್, ಅಂದರೆ ದರದ ಹಂತಗಳು, ಇರುತ್ತವೆ. ವೈ ಅಂದರೆ ಸಾಮಾನ್ಯವಾಗಿ ಪೂರ್ಣ ದರ. ಉಳಿದವುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ನೀವು ಕೊಂಡ ಅಗ್ಗದ ಕ್ಲಾಸ್ ಹೊಸ ದಿನಾಂಕದಲ್ಲಿ ಮುಗಿದುಹೋಗಿದ್ದರೆ ಅದರ ಮೇಲಿನ ಕ್ಲಾಸ್‌ನ ದರ ಬೀಳುತ್ತದೆ. ಹೊರಡಲು ಎರಡು ದಿನ ಇರುವಾಗ ಬದಲಿಸಿದರೆ ಈ ವ್ಯತ್ಯಾಸ ಶುಲ್ಕಕ್ಕಿಂತ ದೊಡ್ಡದಾಗೋದು ಮಾಮೂಲು.

ಲೆಕ್ಕ ಹೀಗೆ ಹಾಕಿ: ಲೈಟ್‌ನಲ್ಲಿ ಸಾಮಾನ್ಯವಾಗಿ ಚೆಕ್-ಇನ್ ಬ್ಯಾಗ್ ಸೇರಿರಲ್ಲ, ಸ್ಟ್ಯಾಂಡರ್ಡ್‌ನಲ್ಲಿ ಸೇರಿರುತ್ತದೆ. ಹಾಗಾಗಿ ಲೈಟ್ ದರಕ್ಕೆ ಎರಡೂ ಕಡೆಯ ಬ್ಯಾಗ್ ಶುಲ್ಕ ಸೇರಿಸಿ, ಸ್ಟ್ಯಾಂಡರ್ಡ್ ಪಕ್ಕ ಇಡಿ. ಬ್ಯಾಗ್ ಇದ್ದವರಿಗೆ ಲೈಟ್‌ನ ಅಗ್ಗ ಬಹಳ ಸಲ ಅಲ್ಲೇ ಕರಗುತ್ತದೆ. ಆಮೇಲೆ ಸ್ಟ್ಯಾಂಡರ್ಡ್‌ಗೂ ಫ್ಲೆಕ್ಸ್‌ಗೂ ಇರುವ ಅಂತರ ನೋಡಿ. ಅದು ಒಂದು ಸಲದ ಬದಲಾವಣೆ ಶುಲ್ಕಕ್ಕಿಂತ ಕಡಿಮೆ ಇದ್ದರೆ ಫ್ಲೆಕ್ಸ್, ಜಾಸ್ತಿ ಇದ್ದರೆ ಸ್ಟ್ಯಾಂಡರ್ಡ್ ಸಾಕು.

ಕಿಟಕಿಸೀಟು: ಹೋಗೋದಕ್ಕೆ ಲೈಟ್, ಬರೋದಕ್ಕೆ ಮಾತ್ರ ಫ್ಲೆಕ್ಸ್ ಹಾಕಬಹುದಾ?

ಮೂರನೇ ಗೇಟ್: ಕೆಲವು ಕಂಪನಿಗಳು ಬಿಡುತ್ತವೆ. ಆದರೆ ಒಂದೇ ಟಿಕೆಟ್‌ನಲ್ಲಿ ಎರಡು ದರ ಬೆರೆಸಿದಾಗ ಎರಡರಲ್ಲಿ ಬಿಗಿಯಾದ ನಿಯಮವೇ ಇಡೀ ಟಿಕೆಟ್‌ಗೆ ಅನ್ವಯವಾಗೋದೂ ಉಂಟು. ಹಣ ಕಟ್ಟುವ ಮೊದಲು ‘ಫೇರ್ ರೂಲ್ಸ್’ ಕೊಂಡಿ ತೆರೆದು ಬದಲಾವಣೆ, ರದ್ದತಿ, ನೋ-ಶೋ (ತಿಳಿಸದೆ ವಿಮಾನ ಹತ್ತದಿರುವುದು) ಮೂರೂ ಓದಿ. ಮೂರು ದರಗಳನ್ನು ಹೋಲಿಸಿ ತೋರಿಸುವ ಬಣ್ಣದ ಪಟ್ಟಿಯಲ್ಲಿರುವ ಟಿಕ್ ಮಾರ್ಕ್ ನಂಬಬೇಡಿ.

ನೋ-ಶೋ ಬಗ್ಗೆ ಜಾಸ್ತಿ ಜನ ಯೋಚಿಸಲ್ಲ. ಹೋಗುವ ವಿಮಾನ ಹತ್ತದಿದ್ದರೆ ವಾಪಸ್ ಟಿಕೆಟ್ ಕೂಡ ಸಾಮಾನ್ಯವಾಗಿ ರದ್ದಾಗುತ್ತದೆ, ಫ್ಲೆಕ್ಸ್ ಆದರೂ. ಬದಲಿಸೋದಿದ್ದರೆ ವಿಮಾನ ಹೊರಡುವ ಮೊದಲೇ, ನಿಯಮದಲ್ಲಿ ಹೇಳಿದ ಗಡುವಿನೊಳಗೆ ಬದಲಿಸಿ.

ರನ್‌ವೇ: ಒಂದು ಸೇರ್ಪಡೆ: ‘ನಾನ್-ರಿಫಂಡಬಲ್’ (ಹಣ ವಾಪಸ್ ಇಲ್ಲ) ಅಂದಾಕ್ಷಣ ಎಲ್ಲ ಹೋಯ್ತು ಅಂತಲ್ಲ. ಹಾರದೆ ಉಳಿದ ಟಿಕೆಟ್‌ನ ವಿಮಾನ ನಿಲ್ದಾಣ ತೆರಿಗೆಗಳು ಬಹಳ ಕಡೆ ವಾಪಸ್ ಸಿಗುತ್ತವೆ, ಕೇಳಿದರೆ ಮಾತ್ರ. ಟಿಕೆಟ್‌ನಲ್ಲಿ ವೈಕ್ಯೂ ಅಥವಾ ವೈಆರ್ ಅಂತ ಕಾಣೋದು ಕಂಪನಿಯದೇ ಸರ್‌ಚಾರ್ಜ್, ಅಂದರೆ ಹೆಚ್ಚುವರಿ ಶುಲ್ಕ. ಅದು ತೆರಿಗೆಯಲ್ಲ, ಹಾಗಾಗಿ ವಾಪಸ್ ಸಿಗುವ ತೆರಿಗೆಯ ಲೆಕ್ಕದಿಂದ ಅದನ್ನು ಬಿಡಿ.